ಒಂದು ಲೋಟ ನೀರು, ಏಳು ಬೆಳಗು

ಪ್ರಿಯ ಕಿರಿಯ ಮಿತ್ರರೇ,

ನೀವು ಕಳಿಸಿದ ನಾಲ್ಕೂ ಬರಹ ಓದಿದೆ. ದಿನನಿತ್ಯದ ಚೆಲುವು, ಅದರ ಬಗೆಗಿನ ಕೃತಜ್ಞತೆ. ವಿಷಯ ಒಳ್ಳೆಯದೇ. ಆದರೆ ಪೆನ್ಸಿಲ್ ಹಿಡಿದು ಎಣಿಸಿದಾಗ ‘ಅದ್ಭುತ’ 9 ಸಲ, ‘ಸುಂದರ’ 14 ಸಲ, ‘ಧನ್ಯ’ 7 ಸಲ ಸಿಕ್ಕಿತು. ಏನನ್ನು ನೋಡಿ ಹಾಗೆಂದಿರಿ ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ.

ಕೃತಜ್ಞ ಅನ್ನುವ ಪದವನ್ನು ಬಿಡಿಸಿ ನೋಡಿ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನೇ ಕೃತಜ್ಞ. ಅದು ಮೊದಲು ತಿಳಿವಳಿಕೆ, ಭಾವನೆ ಆಮೇಲಿನದು. ನಿಮ್ಮ ಬರಹದಲ್ಲಿ ಭಾವನೆ ಮೊದಲೇ ಬಂದು ಕೂತಿದೆ, ತಿಳಿವಳಿಕೆಗೆ ಜಾಗವೇ ಉಳಿದಿಲ್ಲ.

ಅದಕ್ಕೊಂದು ಅಭ್ಯಾಸ ಹೇಳುತ್ತೇನೆ. ರಾತ್ರಿ ಗಾಜಿನ ಲೋಟಕ್ಕೆ ಮುಕ್ಕಾಲು ಭಾಗ ತಣ್ಣೀರು ತುಂಬಿ, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಿ. ಲೋಟ ದುಂಡಗಿರಲಿ, ಕೆತ್ತನೆ ಬೇಡ. ಬೆಳಿಗ್ಗೆ 10 ನಿಮಿಷ ಅದನ್ನೇ ನೋಡಿ, ಆಮೇಲೆ 6 ಸಾಲು ಬರೆಯಿರಿ. ಹೀಗೆ 7 ದಿನ.

ಏನು ಕಾಣುತ್ತದೆ ಅಂತೀರಾ? ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿರುತ್ತವೆ. ತಣ್ಣೀರು ಕೋಣೆಯ ಬಿಸಿಗೆ ಬರುವಾಗ ಅದರಲ್ಲಿ ಕರಗಿದ್ದ ಗಾಳಿ ಹೊರಬಂದು ಅಲ್ಲಿ ಕೂತಿರುತ್ತದೆ. ನೀರು ಗಾಜನ್ನು ಮುಟ್ಟುವ ಕಡೆ ಅಂಚು ತುಸುವೇ ಮೇಲೇರಿರುತ್ತದೆ. ಚೀಟಿಯ ಮೇಲೆ ಎಡಕ್ಕೆ ಮುಖಮಾಡಿದ ಬಾಣ ಬರೆದು ಲೋಟದ ಹಿಂದೆ ಹಿಡಿದು, ಮೆಲ್ಲಗೆ ದೂರ ಸರಿಸಿ. ಒಂದು ಹಂತದಲ್ಲಿ ಬಾಣ ಬಲಕ್ಕೆ ತಿರುಗಿಬಿಡುತ್ತದೆ. ಮೇಜಿನ ಮೇಲೆ ಲೋಟದ ನೆರಳಿನ ನಡುವೆಯೇ ಬೆಳಕಿನದೊಂದು ಗೆರೆ ಇರುತ್ತದೆ. ದುಂಡನೆಯ ನೀರು ಬಿಸಿಲನ್ನು ಒಟ್ಟುಮಾಡಿ ಅಲ್ಲಿ ಚೆಲ್ಲಿರುತ್ತದೆ, ಹೊತ್ತು ಏರಿದಂತೆ ಗೆರೆಯೂ ಜರುಗುತ್ತದೆ. ಇಷ್ಟನ್ನು ಬರೆದ ಮೇಲೆ ‘ಸುಂದರ’ ಅನ್ನುವ ಪದಕ್ಕೆ ಕೆಲಸವೇ ಇರುವುದಿಲ್ಲ.

ಮೂರನೇ ದಿನದ ಹೊತ್ತಿಗೆ ಬೇಸರ ಬರುತ್ತದೆ. ಬರಲಿ. ಆಗ ಲೋಟ ಬದಲಿಸಬೇಡಿ, ನೀವು ಕೂರುವ ಜಾಗ ಬದಲಿಸಿ. ನೆಲಕ್ಕೆ ಕೂತು ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿದರೆ ಅದು ಬೆಳ್ಳಿಯ ತಗಡಿನ ಹಾಗೆ ಹೊಳೆಯುತ್ತದೆ. ಮೋಡ ಕವಿದ ದಿನ ಗೆರೆಯೇ ಇರುವುದಿಲ್ಲ. ‘ಇವತ್ತು ಇಲ್ಲ’ ಎಂದೇ ಬರೆಯಿರಿ, ನಿನ್ನೆಯದನ್ನು ಇವತ್ತಿಗೆ ತಂದು ಅಂಟಿಸಬೇಡಿ.

ಆರು ಸಾಲಿನಲ್ಲಿ ಕೊನೆಯ ಎರಡು ಮನುಷ್ಯರಿಗೆ ಮೀಸಲು. ಈ ನೀರು ಇಲ್ಲಿಗೆ ಹೇಗೆ ಬಂತು? ಲೋಟ ತೊಳೆದಿಟ್ಟವರು ಯಾರು? ಸೋರುತ್ತಿದ್ದ ನಲ್ಲಿಗೆ ವಾಷರ್ ಹಾಕಿದ್ದು ಯಾರು? ಹೆಸರು ಗೊತ್ತಿಲ್ಲದಿದ್ದರೆ ಕೆಲಸವನ್ನಾದರೂ ಹೆಸರಿಸಿ. ಇಲ್ಲೊಂದು ಎಚ್ಚರಿಕೆ. ಇನ್ನೊಬ್ಬರ ದುಡಿಮೆಯನ್ನು ಚಿತ್ರಪಟ ಮಾಡಬೇಡಿ. ನಿಮ್ಮ ಎರಡನೇ ಬರಹದಲ್ಲಿ ಬೀದಿ ಗುಡಿಸುವವರ ‘ಮುಗ್ಧ ನಗು’ ಇದೆ, ಪೊರಕೆ ಇಲ್ಲ, ಧೂಳಿಲ್ಲ, ಬೆನ್ನುನೋವಿಲ್ಲ.

ಕೃತಜ್ಞತೆಯ ದಿನಚರಿ ಬರೆಯುತ್ತಿದ್ದೇನೆ, ಆದರೆ ಅದು ಒಣಗಿಹೋಗಿದೆ ಎಂದಿದ್ದೀರಿ. ಒಣಗದೆ ಇನ್ನೇನಾದೀತು? ದಿನಾ ರಾತ್ರಿ ‘ಮನೆ, ಆರೋಗ್ಯ, ಅಪ್ಪ-ಅಮ್ಮ’ ಎಂದು ಬರೆದರೆ ಅದು ಹಾಜರಿ ಪುಸ್ತಕವೇ ಸರಿ. ಮನಸ್ಸು ಒಳ್ಳೆಯದಕ್ಕೂ ಬೇಗ ಒಗ್ಗಿಹೋಗುತ್ತದೆ. ಕೃತಜ್ಞತೆಯ ಬಗ್ಗೆ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರ ಮೊದಲ ಪ್ರಯೋಗದಲ್ಲಿ ಜನ ಬರೆದದ್ದು ವಾರಕ್ಕೊಮ್ಮೆ, ಹೆಚ್ಚೆಂದರೆ 5 ಸಂಗತಿ, 10 ವಾರ. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಇವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ನೀವೂ ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಐದು ಸಂಗತಿಗೆ ಒಂದೊಂದು ಸಾಲು ಬೇಡ, ಒಂದೇ ಸಂಗತಿಗೆ ಐದು ಸಾಲು ಕೊಡಿ. ಏನೂ ಹೊಳೆಯದ ವಾರ, ಇರುವುದರಲ್ಲಿ ಒಂದನ್ನು ಇಲ್ಲವೆಂದುಕೊಳ್ಳಿ. ಮೆಟ್ಟಿಲ ಬಳಿಯ ದೀಪ ಇಲ್ಲದಿದ್ದರೆ ರಾತ್ರಿ ಕೈ ಎಲ್ಲಿ ತಡಕಾಡುತ್ತಿತ್ತು, ಕಾಲು ಎಷ್ಟನೇ ಮೆಟ್ಟಿಲಲ್ಲಿ ಎಡವುತ್ತಿತ್ತು? ಮನಸ್ಸು ಕೆಟ್ಟ ದಿನ ಪುಸ್ತಕ ಮುಚ್ಚಿಡಿ, ಇಲ್ಲವೇ ಕೆಟ್ಟದ್ದನ್ನೇ ಬರೆಯಿರಿ. ಸಿಟ್ಟಿನ ಬಾಯಿ ಮುಚ್ಚಿಸಲು ಬಳಸಿದ ಕೃತಜ್ಞತೆ ಓದುವವರಿಗೆ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ.

ಪ್ರಯಾಣದಲ್ಲಿ ತೊಂದರೆ ಬೇರೆ ಥರದ್ದು. ಮನೆಯಲ್ಲಿ ಏನೂ ಕಾಣುವುದಿಲ್ಲ, ಹೊಸ ಊರಿನಲ್ಲಿ ಎಲ್ಲವೂ ಒಟ್ಟಿಗೇ ಕಾಣುತ್ತದೆ. ಇಳಿದ ಕೂಡಲೇ ಮೊದಲು ವಾಸನೆಯನ್ನು ಬರೆದುಕೊಳ್ಳಿ. ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುತ್ತದೆ, ಆಮೇಲೆ ಬೇಕೆಂದರೂ ಸಿಗದು. ಸದ್ದು ಎರಡನೆಯದು. ಕಣ್ಣಿಗೆ ಕಂಡದ್ದು ಸ್ವಲ್ಪ ಕಾದರೂ ನಡೆಯುತ್ತದೆ. ಮೊಬೈಲ್ ಕೊನೆಗೆ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದವುಗಳ ನೆನಪೇ ಜನರಿಗೆ ಕಡಿಮೆ ಉಳಿದಿತ್ತು. ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ಮಾತ್ರ ಆ ನಷ್ಟ ಆಗಲಿಲ್ಲ. ಹಾಗಾಗಿ ಫೋಟೋ ಬೇಕೇಬೇಕೆಂದರೆ ಇಡೀ ಬೆಟ್ಟವನ್ನು ಬಿಟ್ಟು ಒಂದು ಕಲ್ಲಿನ ಬಿರುಕನ್ನು ತೆಗೆಯಿರಿ. ಹೇಗೂ ಬೆಟ್ಟದ ಫೋಟೋ ನಿಮಗಿಂತ ಚೆನ್ನಾಗಿ ಯಾರೋ ತೆಗೆದಿರುತ್ತಾರೆ.

ತಿದ್ದುವ ಹೊತ್ತಿನಲ್ಲಿ ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ನಿಮ್ಮ ನಾಲ್ಕು ಬರಹಗಳಲ್ಲಿ ಮೂರು ಹಾಗೆಯೇ ಚೆನ್ನಾಗಿವೆ.

ಲೋಟದ ಟಿಪ್ಪಣಿ ಏಳೂ ಬೇಡ, ಮೂರನೆಯದು ಮತ್ತು ಆರನೆಯದನ್ನು ಮಾತ್ರ ಕಳಿಸಿ. ತಿದ್ದಿ ಬರೆಯಬೇಡಿ, ಕಾಟು ಹೊಡೆದದ್ದು ಹಾಗೇ ಇರಲಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಓದುಗ