ಗೆಳೆಯಾ, ಇಂಜಿನ್ ಬಿಚ್ಚಿಸೋ ಮೊದಲು ಇದನ್ನು ಓದು

ಪ್ರೀತಿಯ ದೋಸ್ತ,

ನಿನ್ನ ಆಲ್ಟೊ ನೀಲಿ ಹೊಗೆ ಬಿಡ್ತಿದೆ, ಮೆಕ್ಯಾನಿಕ್ ‘ಇಂಜಿನ್ ಕೆಲಸಕ್ಕೆ ಬಂದಿದೆ’ ಅಂದರು, ಕೈಯಲ್ಲಿ 40 ಸಾವಿರಕ್ಕಿಂತ ಜಾಸ್ತಿ ಇಲ್ಲ ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಚಿಂತೆಯಲ್ಲಿರುವ ಬೇರೆಯವರಿಗೂ ಸಿಗಲಿ ಅಂತ ನಿನ್ನನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ.

ಈಗಲೇ ಯಾರಿಗೂ ಅಡ್ವಾನ್ಸ್ ಕೊಡಬೇಡ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಒಳಗೆ ಸುಡುತ್ತಿದೆ ಅಂತ. ಹೊಗೆ ಯಾವಾಗ ಬರುತ್ತದೆ ಅಂತ ಮೊದಲು ನೋಡು. ರಾತ್ರಿಯೆಲ್ಲಾ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ರಬ್ಬರ್) ಹೋಗಿರುವ ಸಾಧ್ಯತೆ ಜಾಸ್ತಿ. ಎಳೆಯುವಾಗ, ಏರು ಹತ್ತುವಾಗ ಬರುತ್ತಲೇ ಇದ್ದರೆ ರಿಂಗ್, ಅಂದರೆ ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಸುತ್ತಲಿನ ಉಂಗುರ, ಸವೆದಿದೆ ಅಂತ ಅನುಮಾನ. ಇಂಜಿನ್ ಒಳಗಿನ ಆವಿ ಎಳೆದುಕೊಳ್ಳುವ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ಆಯಿಲ್ ಸುಡುತ್ತದೆ. ಅದು ಸಣ್ಣ ಸಾಮಾನು, ಮೊದಲು ಅದನ್ನೇ ನೋಡಿಸು.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಒಂದೊಂದು ಸಿಲಿಂಡರ್‌ನಲ್ಲೂ ಎಷ್ಟು ಪ್ರೆಷರ್ ಬರುತ್ತದೆ ಅಂತ ಅಳೆಯುವುದು. ಇಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ಬಿಚ್ಚಿರಬೇಕು, ಎಕ್ಸಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಚೆನ್ನಾಗಿರಬೇಕು. ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ಶೇಕಡಾ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಪ್ರೆಷರ್ ಏರಿದರೆ ರಿಂಗ್, ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದಿದೆ. ಏರದಿದ್ದರೆ ತೊಂದರೆ ವಾಲ್ವ್ ಕಡೆ, ಇಲ್ಲವೇ ಹೆಡ್ (ಇಂಜಿನ್‌ನ ಮೇಲಿನ ಭಾಗ) ಕೆಳಗಿರುವ ಗ್ಯಾಸ್ಕೆಟ್‌ನಲ್ಲಿ. ಆಗ ಹೆಡ್ ಕೆಲಸಕ್ಕೇ ಮುಗಿಯಬಹುದು, ಕೆಳಗಿನ ಭಾಗ ಮುಟ್ಟುವುದೇ ಬೇಡ. ಇಷ್ಟು ಟೆಸ್ಟ್ ಮಾಡದೆ ಕೊಟೇಶನ್ ಕೊಡುವವರ ಹತ್ತಿರ ನಿಲ್ಲಬೇಡ.

ರಿಂಗ್ ಅಂತಲೇ ಗೊತ್ತಾಯಿತು ಅಂದುಕೋ. ‘ಬರೀ ರಿಂಗ್ ಹಾಕಿ ಕೊಡ್ತೀವಿ, ಕಡಿಮೆಗೆ ಆಗುತ್ತೆ’ ಅನ್ನುವವರು ಸಿಗುತ್ತಾರೆ. ಬೋರ್ ಅಳೆದು ನೋಡಿ ಸರಿಯಿದ್ದರೆ ಅದು ಒಳ್ಳೆಯ ದಾರಿಯೇ. ಹೋನಿಂಗ್ (ಬೋರ್ ಗೋಡೆಯನ್ನು ಸಣ್ಣಗೆ ಉಜ್ಜಿ ಹದ ಮಾಡುವುದು) ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು. ಆದರೆ ಬೋರ್ ಮೇಲೆ ಅಗಲ, ಕೆಳಗೆ ಕಿರಿದು ಆಗಿದ್ದರೆ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ, ಮತ್ತೆ ಹೊಗೆ ಶುರು. ಆಗ ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ಸ್ವಲ್ಪ ಅಗಲವಾಗಿ ಕೊರೆಸಿ, ಅದಕ್ಕೆ ಹೊಂದುವ ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕಿಸುವುದೇ ಸರಿ. ಇಲ್ಲೊಂದು ಮಾತು ನೆನಪಿಡು: ಪಿಸ್ಟನ್ ಮೊದಲು ಕೊಂಡು ಲೇತ್‌ನವರ ಕೈಗೆ ಕೊಡು. ಆ ಪಿಸ್ಟನ್ ಅಳೆದೇ ಅವರು ಬೋರ್ ಕೊರೆಯಬೇಕು. ಎರಡರ ನಡುವಿನ ಸಂದು ತಲೆಕೂದಲಿಗಿಂತ ತೆಳು. ಅಂದಾಜಿನಲ್ಲಿ ಕೊರೆದರೆ ಇಂಜಿನ್ ಜಾಮ್ ಆಗುತ್ತದೆ, ಇಲ್ಲಾ ಸದ್ದು ಮಾಡುತ್ತದೆ.

ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಹಾಕಿಸುವ ಯೋಚನೆ ನನಗೆ ಇಷ್ಟವಿಲ್ಲ. ಅದು ಎಷ್ಟು ಓಡಿದೆ, ಎಷ್ಟು ಸಲ ಓವರ್‌ಹೀಟ್ ಆಗಿದೆ ಅಂತ ಹೇಳುವವರಿಲ್ಲ. ಇಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ದಿನಾ ಡ್ಯೂಟಿಗೆ ಹೋಗುವವನಿಗೆ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವನಿಗೆ ಯಾಕೆ ಆ ಅನುಮಾನದ ಸಾಮಾನು?

ದುಡ್ಡು ಎಲ್ಲಿ ಉಳಿಸಬೇಕು ಅಂದರೆ, ಚೆನ್ನಾಗಿರುವ ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್ ಬದಲಿಸಬೇಡ. ಬಣ್ಣ, ಪಾಲಿಶ್ ಏನೂ ಬೇಡ. ಬೇರಿಂಗ್, ಗ್ಯಾಸ್ಕೆಟ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಇವುಗಳಲ್ಲಿ ಚೌಕಾಸಿ ಬೇಡ. ಕಂಪನಿ ಸಾಮಾನೇ ತಾ, ಬಿಲ್ ಇಸಿದುಕೋ. ಆಯಿಲ್ ಪಂಪ್ ಬಿಚ್ಚಿ ಅಳೆಯಲಿ. ವಾಟರ್ ಪಂಪ್ ಹಳೆಯದಿದ್ದರೆ ಬೆಲ್ಟ್ ಬಿಚ್ಚಿದಾಗಲೇ ಬದಲಿಸು, ಮಜೂರಿ ಉಳಿಯುತ್ತದೆ.

ಇನ್ನು ಇದೆಲ್ಲಾ ಯಾಕೆ ಆಯಿತು ಅನ್ನೋದು. ನೀನು ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಅದಿರು ಲಾರಿಗಳ ಹಿಂದೆ ಹೋಗುತ್ತೀಯ. ಆ ಕೆಂಪು ಧೂಳು ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ರಿಂಗ್‌ಗೂ ಬೋರ್‌ಗೂ ಮರಳು ಕಾಗದ ಹಾಕಿ ಉಜ್ಜಿದ ಹಾಗೆ. ಇಲ್ಲಿ ಕೊಪ್ಪಳದ ಗಿಣಿಗೇರಿ ಕಡೆ ಓಡಾಡುವ ಗಾಡಿಗಳದ್ದೂ ಇದೇ ಪಾಡು. ಫಿಲ್ಟರ್ ಬಾಕ್ಸ್ ಸರಿಯಾಗಿ ಮುಚ್ಚುತ್ತಾ, ಅದರ ಹೋಸ್ ಬಿರುಕು ಬಿಟ್ಟಿದೆಯಾ ಅಂತ ನೋಡಿಸು. ಇಲ್ಲದಿದ್ದರೆ ಹೊಸ ರಿಂಗ್‌ಗೂ ಅದೇ ಗತಿ. ಮ್ಯಾನುಯಲ್‌ನಲ್ಲಿ ಬರೆದ ಕಿಲೋಮೀಟರ್ ನಮ್ಮ ಊರಿಗಲ್ಲ, ಫಿಲ್ಟರ್ ಅದಕ್ಕಿಂತ ಬೇಗ ಬದಲಿಸು. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಲೇಬೇಡ. ಆ ಗಡಸು ನೀರಿನ ಉಪ್ಪು ಒಳಗೆ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಅಂಥ ರೇಡಿಯೇಟರ್ ಇಟ್ಟುಕೊಂಡು ರಿಪೇರಿ ಮಾಡಿಸಿದ ಇಂಜಿನ್ ಓಡಿಸಿದರೆ ಹೆಡ್ ಬೆಂಡ್ ಆಗುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಅಷ್ಟೇ.

ಕೆಲಸ ಮುಗಿದ ಮೇಲೆ ಮೊದಲ 1000 ಕಿ.ಮೀ. ಹುಷಾರು. ಒಂದೇ ವೇಗದಲ್ಲಿ ಹೈವೇ ಮೇಲೆ ಎಳೆಯಬೇಡ, ಸ್ಪೀಡ್ ಏರಿಳಿಸುತ್ತಾ ಓಡಿಸು. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸು.

ಮೂರೂ ಸಿಲಿಂಡರ್‌ನ ರೀಡಿಂಗ್ ಬಂದ ತಕ್ಷಣ ಫೋಟೊ ತೆಗೆದು ಕಳಿಸು. ಬೋರ್ ಮಾಡಿಸಲೇಬೇಕು ಅಂತಾದರೆ ನಾನು ಒಂದು ದಿನ ರಜೆ ಹಾಕಿ ಬಳ್ಳಾರಿಗೆ ಬರುತ್ತೇನೆ, ಇಬ್ಬರೂ ಲೇತ್‌ಗೆ ಹೋಗಿ ಅಳತೆ ಮಾಡಿಸೋಣ. ಗಾಡಿ ಬಿಚ್ಚಿರುವಷ್ಟು ದಿನ ತೋರಣಗಲ್ಲಿಗೆ ರೈಲಿನಲ್ಲಿ ಓಡಾಡು. ಬೇಗ ಮುಗಿಸಿಕೊಡಿ ಅಂತ ಮೆಕ್ಯಾನಿಕ್‌ಗೆ ಅವಸರ ಮಾಡಬೇಡ.

ನಿನ್ನ ಗೆಳೆಯ,
ಕೊಪ್ಪಳದಿಂದ