ಬಾಣಂತಿ ಮನೆಯ ಮುಂದೆ ಹಾರ್ನ್ ಹೊಡೆಯುವವರ ಬಗ್ಗೆ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ. ಆದರೆ ಇದು ಕಬ್ಬಿನ ಬಾಕಿ ಹಣದ ಪತ್ರವಲ್ಲ, ನಾಲೆ ನೀರಿನ ಪತ್ರವೂ ಅಲ್ಲ. ಅವನ್ನು ಬರೆಯುವವರು ಬೇಕಾದಷ್ಟು ಜನರಿದ್ದಾರೆ, ಹೊತ್ತು ಬಂದಾಗ ನಾನೂ ಬರೆಯುತ್ತೇನೆ. ಈಗ ಬರೆಯುತ್ತಿರುವುದು ಸದ್ದಿನ ಬಗ್ಗೆ. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ತಿಂಗಳುಗಳಲ್ಲಿ, ಗೂಡಿನ ಮರಗಳಿರುವ ಬೀದಿಗಳನ್ನು ನಿಶ್ಶಬ್ದ ವಲಯವೆಂದು ಘೋಷಿಸಬೇಕು. ಕೇಳುವುದನ್ನು ಮೊದಲೇ ಕೇಳಿಬಿಟ್ಟಿದ್ದೇನೆ. ಏಕೆ ಎಂಬುದನ್ನು ಇನ್ನು ಸಾವಧಾನವಾಗಿ ಹೇಳುತ್ತೇನೆ.

ಬೆಳ್ಳೂರಿನಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಹುಣಸೆಮರ. ಹುಣಸೆಹಣ್ಣು ಬಡಿಯುವ ಕಾಲವೂ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಗೂಡಿನಲ್ಲಿ ಕೂರುವ ಕಾಲವೂ ಒಂದೇ. ಹಾಗಾಗಿ ಆ ಮರದ ಹಣ್ಣನ್ನು ಅವರು ಬಡಿಸುವುದಿಲ್ಲ. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ, ನಿಜ. ಆದರೆ ಅಂಗಳದ ತುಂಬ ಸುಣ್ಣ ಚೆಲ್ಲಿದ ಹಾಗೆ ಬೀಳುವ ಹಿಕ್ಕೆಗೆ, ಮರಿಗಳ ಬಾಯಿಂದ ಜಾರಿ ಬಿಸಿಲಿಗೆ ಕೊಳೆಯುವ ಮೀನಿನ ನಾತಕ್ಕೆ ಯಾವ ಇಲಾಖೆಯೂ ಪರಿಹಾರ ಕೊಡಲಾರದು. ಅತ್ತೆ ಮಾತ್ರ ಮೂಗು ಮುಚ್ಚಿಕೊಂಡದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಎದ್ದು ಗುಡಿಸಿ, ಹಿಕ್ಕೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಒಳಗೆ ಹೋಗುತ್ತಾರೆ. ನಾವು ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಮಾತನಾಡಿದರೆ ಗದರುತ್ತಾರೆ: "ಬಾಣಂತನಕ್ಕೆ ಬಂದಿದ್ದಾವೆ ಕಣೋ, ಮೆಲ್ಲಗೆ ಮಾತನಾಡು." ಇದು ಅವರೊಬ್ಬರ ಮಾತಲ್ಲ, ಇಡೀ ಊರಿನ ಮಾತು. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಬೆಳ್ಳೂರು ಇಷ್ಟು ಕಾಲ ನಡೆದುಕೊಂಡು ಬಂದಿದೆ. ಶಿಂಷಾ ದಡದಲ್ಲಿದ್ದ ಹಳೆಯ ಊರು ಪ್ಲೇಗಿನ ಕಾಲದಲ್ಲಿ ಈಗಿನ ಜಾಗಕ್ಕೆ ಎದ್ದು ಬಂದಾಗ ಹಕ್ಕಿಗಳೂ ಬೆನ್ನಿಗೇ ಬಂದವು ಎಂದು ಹಿರಿಯರು ಹೇಳುತ್ತಾರೆ.

ತಮ್ಮ ಕಚೇರಿಯ ಕಡತಗಳಲ್ಲಿ ಉಳಿದ ಚರಿತ್ರೆ ಇದ್ದೇ ಇರುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪಕ್ಷಿವೀಕ್ಷಕರ ಒತ್ತಾಸೆಯಿಂದ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕತೊಡಗಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಬೇಲಿಯಿಲ್ಲ, ಗೇಟಿಲ್ಲ, ಟಿಕೆಟ್ಟಿಲ್ಲ. ಇಲ್ಲಿ ಹಕ್ಕಿಗಳನ್ನು ಕಾಯುತ್ತಿರುವುದು ಜನರ ನಡವಳಿಕೆ ಒಂದೇ. ಹೊರಗಿನಿಂದ ಬರುವವರ ನಡವಳಿಕೆ ಕೆಟ್ಟರೆ ಇಲ್ಲಿ ಎರಡನೆಯ ಕಾವಲು ಇಲ್ಲ.

ಈಗ ಭಾನುವಾರದ ಬೆಳ್ಳೂರನ್ನು ನೋಡಿ. 2023ರಲ್ಲಿ ಹೊಸ ಹೆದ್ದಾರಿ ಆದಂದಿನಿಂದ ಬೆಂಗಳೂರು ನಮಗೆ ಬಲು ಹತ್ತಿರ. ಹಳೆಯ ಹೆದ್ದಾರಿಗೆ ಇಳಿದು ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ತಿಂಡಿಯ ಹೊತ್ತಿಗೆ ಊರು ಸಿಗುತ್ತದೆ. ಬರುವವರೆಲ್ಲ ಕೆಟ್ಟವರಲ್ಲ. ಬೈನಾಕ್ಯುಲರ್ ಹಿಡಿದು ಮರದ ನೆರಳಲ್ಲಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರುವವರೂ ಇದ್ದಾರೆ. ಅಂಥವರಿಗೆ ಅತ್ತೆ ಕರೆದು ಮಜ್ಜಿಗೆ ಕೊಡುತ್ತಾರೆ. ಹಿಂದಿನ ಹಂಗಾಮಿನಲ್ಲಿ ಬಂದ ಒಂದು ಗುಂಪಿನ ವಿಷಯವೇ ಬೇರೆ. ಅವರಲ್ಲಿ ಒಬ್ಬನಿಗೆ ಹಕ್ಕಿ ರೆಕ್ಕೆ ಬಿಚ್ಚಿ ಹಾರುವ ಚಿತ್ರ ಬೇಕಿತ್ತು. ಹಕ್ಕಿ ಹಾರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದ, ಆಮೇಲೆ ಶಿಳ್ಳೆ ಹೊಡೆದ. ಕೊನೆಗೆ ಕಾರಿನಲ್ಲಿದ್ದ ಗೆಳೆಯ ಹಾರ್ನ್ ಒತ್ತಿ ಹಿಡಿದ.

ಆ ಮರದ ಮೇಲೆ ಏನು ನಡೆಯುತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಒಂದು ಬಣ್ಣದ ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆಗಳನ್ನು ಅರೆಬಿಚ್ಚಿ ನಿಂತಿತ್ತು. ಅದರ ಕೆಳಗಿನ ಅಷ್ಟಗಲ ನೆರಳಿನಲ್ಲಿ ಇನ್ನೂ ಪುಕ್ಕ ಬಲಿಯದ ಮರಿಗಳಿದ್ದವು. ಪಕ್ಕದ ಕೊಂಬೆಯಲ್ಲಿ ಒಂದು ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ತಿನ್ನುತ್ತಿತ್ತು. ಹಾರ್ನ್ ಆದದ್ದೇ ತಡ, ದೊಡ್ಡ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಹೆಜ್ಜಾರ್ಲೆಯ ಭಾರಕ್ಕೆ, ಅದು ಚಿಮ್ಮುವ ರಭಸಕ್ಕೆ ಗೂಡಿನ ಕಡ್ಡಿಗಳು ಉದುರಿದವು. ಬಿಸಿಲು ನೇರವಾಗಿ ಮರಿಗಳ ಮೇಲೆ ಬಿತ್ತು. ಎಲ್ಲಿತ್ತೋ ಏನೋ, ಒಂದು ಕಾಗೆ ಮೊಟ್ಟೆಯಿದ್ದ ಗೂಡಿನ ಅಂಚಿಗೆ ಬಂದು ಕೂತೇಬಿಟ್ಟಿತು. ಕಾಗೆಗೆ ಅದು ಹೊಟ್ಟೆಪಾಡು, ಅದನ್ನು ದೂರಿ ಫಲವಿಲ್ಲ. ಚಿತ್ರ ಚೆನ್ನಾಗಿ ಬಂದಿತೆಂದು ಕಾಣುತ್ತದೆ, ಹುಡುಗರು ಮೊಬೈಲ್ ನೋಡಿಕೊಂಡು ನಗುತ್ತ ಹೊರಟರು.

ಇಲ್ಲಿ ಒಬ್ಬ ಜಾಣ ಓದುಗರು ಕೇಳಬಹುದು: ಊರ ನಡುವೆ, ಬಸ್ಸು ಓಡಾಡುವ ಬೀದಿಯ ಮೇಲೆ ಗೂಡು ಕಟ್ಟುವ ಹಕ್ಕಿಗೆ ಸದ್ದೇನು ಹೊಸದೇ? ನ್ಯಾಯವಾದ ಪ್ರಶ್ನೆ. ಬೆಳ್ಳೂರಿನ ಸದ್ದು ಅವಕ್ಕೆ ಗೊತ್ತು. ಎತ್ತಿನ ಕೊರಳಗಂಟೆ, ರಾಗಿ ಮಿಷನ್ನು, ಶಾಲೆ ಬಿಟ್ಟ ಮಕ್ಕಳ ಕೂಗು, ನಲ್ಲಿಯ ಮುಂದಿನ ಜಗಳ ಯಾವುದಕ್ಕೂ ಅವು ಕಣ್ಣೆತ್ತಿಯೂ ನೋಡುವುದಿಲ್ಲ. ಅವು ಬೆಚ್ಚುವುದು ಇದ್ದಕ್ಕಿದ್ದಂತೆ ಮರದ ಬುಡದಲ್ಲೇ ಸಿಡಿಯುವ ಪಟಾಕಿಗೆ, ಎದೆಗೂಡು ನಡುಗಿಸುವ ಡಿಜೆ ಪೆಟ್ಟಿಗೆಗಳಿಗೆ, ತಮ್ಮನ್ನೇ ಗುರಿಯಿಟ್ಟು ಹೊಡೆಯುವ ಹಾರ್ನ್‌ಗೆ, ಗೂಡಿನ ಮೇಲೆಯೇ ಬಂದು ಗುಂಯ್‌ಗುಡುವ ಡ್ರೋನಿಗೆ. ಊರು ಮೌನವ್ರತ ಹಿಡಿಯಲಿ ಎಂದು ನಾನು ಕೇಳುತ್ತಿಲ್ಲ. ಈ ನಾಲ್ಕು ನಿಂತರೆ ಸಾಕು. ಇನ್ನೊಂದು ಮಾತನ್ನೂ ಹೇಳಬೇಕು: ಡಿಜೆ ಬೆಂಗಳೂರಿನಿಂದ ಬರುವುದಿಲ್ಲ. ಅದನ್ನು ಮದುವೆಗೆ, ಮೆರವಣಿಗೆಗೆ, ಚುನಾವಣೆ ಗೆದ್ದ ಸಂಭ್ರಮಕ್ಕೆ ತರಿಸುವವರು ನಾವೇ, ಮಂಡ್ಯ ಸೀಮೆಯವರೇ.

ಬೋರ್ಡು ಹಾಕಿದರೆ ಸಾಲದೇ ಎಂದು ತಾವು ಕೇಳಬಹುದು. 'ಗಲಾಟೆ ಮಾಡಬೇಡಿ' ಎಂಬ ಬೋರ್ಡಿಗೆ ಒರಗಿ ನಿಂತು ಶಿಳ್ಳೆ ಹೊಡೆಯುವವರನ್ನು ನೋಡಿದವನಿಗೆ ಬೋರ್ಡಿನ ಮೇಲೆ ಹೆಚ್ಚು ನಂಬಿಕೆ ಉಳಿಯುವುದಿಲ್ಲ. ಬೋರ್ಡಿನ ಹಿಂದೆ ಕಾನೂನು ಇರಬೇಕು, ಮತ್ತು ಆ ಕಾನೂನು ಈಗಾಗಲೇ ಇದೆ. 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳಲ್ಲಿ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಅದರ ಜೊತೆಗೆ, ಸಕ್ಷಮ ಪ್ರಾಧಿಕಾರ ಘೋಷಿಸುವ ಬೇರಾವುದೇ ಪ್ರದೇಶವೂ ಹಾಗೆ ಆಗಬಹುದು. ಆ ವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ. ಧ್ವನಿವರ್ಧಕ, ಪಟಾಕಿ, ತುರ್ತಿಲ್ಲದೆ ಹೊಡೆಯುವ ಹಾರ್ನ್ ಎಲ್ಲವೂ ಅಲ್ಲಿ ನಿಷಿದ್ಧ. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯದಲ್ಲಿ ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಎಸೆಯುವುದನ್ನೂ ನಿಷೇಧಿಸುತ್ತದೆ. 36ಸಿ ಸೆಕ್ಷನ್ ಪ್ರಕಾರ ಆ ಮಾತು ಸಮುದಾಯ ಮೀಸಲಿಗೂ ಅನ್ವಯಿಸುತ್ತದೆ. ಅಂದರೆ ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸುವುದು ಬರಿಯ ಅಸಭ್ಯತೆಯಲ್ಲ, ಕಾನೂನಿನ ಕಣ್ಣಿಗೆ ಬೀಳಬೇಕಾದ ಕೃತ್ಯ. ಇದನ್ನು ಬೆಳ್ಳೂರಿನ ಯಾವ ಬೋರ್ಡಿನ ಮೇಲೂ ನಾನು ಓದಿಲ್ಲ.

ರಂಗನತಿಟ್ಟಿನಲ್ಲಿ ಗೇಟು, ಟಿಕೆಟ್ಟು, ಕಾವಲು ಎಲ್ಲವೂ ಇವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು, 2022ರಲ್ಲಿ ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ, ಆಯಿತು. ಅಲ್ಲಿಯೂ ದೋಣಿಯಲ್ಲಿ ಎದ್ದು ನಿಲ್ಲುವವರು, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ 'ಬದುಕಿದೆಯೋ ಇಲ್ಲವೋ' ಎಂದು ಪರೀಕ್ಷಿಸಲು ಕೂಗುವವರು ಇದ್ದಾರೆ. ಆದರೆ ದೋಣಿ ನಡೆಸುವವರ ಒಂದು ಗದರಿಕೆಗೆ ದೋಣಿಯೆಲ್ಲ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗಿ ಗೂಡುಗಳು ಹೋಗುವುದುಂಟು. ಅಣೆಕಟ್ಟೆ ತುಂಬಿದರೆ ನೀರು ಬಿಡಲೇಬೇಕು, ಅದಕ್ಕೆ ಯಾರನ್ನು ಬೈಯಲಾದೀತು? ಬೆಳ್ಳೂರಿನ ನಷ್ಟ ಆ ಬಗೆಯದಲ್ಲ. ಅದು ತಡೆಯಬಹುದಾದ ನಷ್ಟ, ಹೆಚ್ಚೆಂದರೆ ಒಬ್ಬ ಕಾವಲುಗಾರನ ಸಂಬಳ ಮತ್ತು ತಮ್ಮ ಒಂದು ಸಹಿಯಷ್ಟು ಖರ್ಚಿನದು.

ನನ್ನ ಕಸುಬಿನ ಕಡೆಯಿಂದ ಇನ್ನೊಂದು ವಿಷಯ. ಕಬ್ಬು ಕಡಿಯುವಾಗ ಗದ್ದೆಯಲ್ಲಿ ಚಿರತೆ ಮರಿಗಳು ಸಿಗುವುದು ನಮ್ಮ ಜಿಲ್ಲೆಯಲ್ಲಿ ಈಗ ಅಪರೂಪವಲ್ಲ. ಆಳೆತ್ತರದ ಕಬ್ಬು ತಾಯಿ ಚಿರತೆಗೆ ಕಾಡಿನ ಹಾಗೆಯೇ. ಮರಿ ಕಂಡ ಗಳಿಗೆಗೆ ಊರೆಲ್ಲ ಗದ್ದೆಯ ಬದುವಿನ ಮೇಲೆ. ಒಬ್ಬ ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ಮಗುವಿನ ಕೈಗೆ ಕೊಟ್ಟು ಫೋಟೊ ತೆಗೆಯುತ್ತಾನೆ, ಮತ್ತೊಬ್ಬ ಹಾಲಿನ ಬಾಟಲಿ ತರುತ್ತಾನೆ. ಅಷ್ಟು ಹೊತ್ತೂ ತಾಯಿ ಪಕ್ಕದ ಸಾಲಿನಲ್ಲೇ ಇದ್ದರೆ ಏನಾದೀತು ಎಂಬ ಯೋಚನೆಯೇ ಯಾರಿಗೂ ಬರುವುದಿಲ್ಲ. ಮಾಡಬೇಕಾದದ್ದು ಬಲು ಸುಲಭ: ಮುಟ್ಟದೆ ಹಿಂದೆ ಸರಿಯುವುದು, ಆ ದಿನದ ಕಟಾವು ನಿಲ್ಲಿಸುವುದು, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡುವುದು. ಜನ ದೂರವಾದರೆ ಕತ್ತಲಾದ ಮೇಲೆ ತಾಯಿ ಬಂದು ಮರಿಗಳನ್ನು ಕಚ್ಚಿಕೊಂಡು ಹೋಗುವ ಸಾಧ್ಯತೆ ಹೆಚ್ಚು. 2022ರ ಕೊನೆಯಲ್ಲಿ ನೆರೆಯ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜೀವಗಳು ಹೋದದ್ದನ್ನು ಮರೆತು ಈ ಮಾತು ಹೇಳುತ್ತಿಲ್ಲ. ನೀರು ಹಾಯಿಸಲು ರಾತ್ರಿ ಗದ್ದೆಗೆ ಹೋಗುವವರು ನಾವು, ಭಯ ನಮಗೂ ಇದೆ. ಆ ಭಯಕ್ಕಾಗಿಯೇ ಹೇಳುತ್ತಿದ್ದೇನೆ. ಮರಿ ಕಳೆದುಕೊಂಡು ಅಲೆಯುವ ಚಿರತೆ ಹತ್ತಿರದಲ್ಲಿರುವ ಊರು ನೆಮ್ಮದಿಯ ಊರಲ್ಲ. ಇಂಥ ಕಡೆ ಗುಂಪು ಸೇರದಂತೆ ತಡೆಯಲು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್, ಅಂದರೆ ನಮ್ಮ ಹಳೆಯ 144, ತಮ್ಮ ಕೈಯಲ್ಲಿದೆ. ಚುನಾವಣೆಗೂ ಪರೀಕ್ಷೆಗೂ ಅದನ್ನು ಹಾಕುತ್ತೀರಿ. ಒಂದು ಗದ್ದೆಯ ಸುತ್ತ ಒಂದು ರಾತ್ರಿಗೆ ಹಾಕಲು ಅಡ್ಡಿಯೇನು?

ಚಿರತೆ ಊರ ಹತ್ತಿರ ಬರುವುದಕ್ಕೂ ನಮ್ಮ ನಡತೆಗೂ ನಂಟಿದೆ. ಕೋಳಿ ಅಂಗಡಿಯ ತ್ಯಾಜ್ಯವನ್ನು ಮೂಟೆ ಕಟ್ಟಿ ರಾತ್ರೋರಾತ್ರಿ ಕೆರೆ ಏರಿಯ ಮೇಲೆ ಎಸೆದು ಹೋಗುತ್ತಾರೆ. ಅದಕ್ಕೆ ನಾಯಿಗಳು ಬರುತ್ತವೆ, ನಾಯಿಗಳಿಗಾಗಿ ಚಿರತೆ ಬರುತ್ತದೆ, ಚಿರತೆಗಾಗಿ ಬೋನು ಬರುತ್ತದೆ. ಮೂಟೆ ಎಸೆದವನ ಹತ್ತಿರ ಯಾರೂ ಬರುವುದಿಲ್ಲ. ಹೆಜ್ಜಾರ್ಲೆಗಳ ಊಟವೂ ಈ ಕೆರೆಗಳಲ್ಲೇ. ಕೆಲವು ವರ್ಷಗಳ ಹಿಂದೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ ಅವುಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಮೀನಿನ ಮೂಲಕ ಸೇರುವ ಪರಾವಲಂಬಿ ಹುಳುಗಳು. ತೈಲೂರು ಕೆರೆ, ಸೂಳೆಕೆರೆಗಳ ನೀರು ಚೊಕ್ಕಟವಾಗಿರುವುದು ಬೆಳ್ಳೂರಿನ ಮರಗಳಷ್ಟೇ ಮುಖ್ಯ. ಕೆರೆಯ ವಿಷಯ ದೊಡ್ಡದು, ಅದಕ್ಕೆ ಬೇರೆಯೇ ಪತ್ರ ಬೇಕು. ಸದ್ಯಕ್ಕೆ ಕೋಳಿ ಅಂಗಡಿಗಳ ಪರವಾನಗಿ ನವೀಕರಿಸುವಾಗ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂದು ಸ್ಥಳೀಯ ಸಂಸ್ಥೆಗಳು ಒಂದು ಪ್ರಶ್ನೆ ಕೇಳಲಿ.

ಇನ್ನು ಹೇಳಲು ಸ್ವಲ್ಪ ಮುಜುಗರದ ಮಾತು. ಗಣ್ಯರು ಬೆಳ್ಳೂರಿಗೆ ಹಕ್ಕಿ ನೋಡಲು ಬಂದರೆ ಹಿಂದೆ ಮುಂದೆ ವಾಹನಗಳ ಸಾಲು, ಸೈರನ್, ಕಾರಿನ ಬಾಗಿಲುಗಳನ್ನು ದಡದಡನೆ ಬಡಿಯುವ ಹಿಂಬಾಲಕರು, ಸ್ವಾಗತದ ಫ್ಲೆಕ್ಸನ್ನು ಮರಕ್ಕೇ ಮೊಳೆ ಹೊಡೆದು ಕಟ್ಟುವ ಉತ್ಸಾಹಿಗಳು ಇರಬಾರದು. ಈ ಆದೇಶ ಹೊರಟರೆ ಅದು ಮೊದಲು ಅನ್ವಯವಾಗಬೇಕಾದದ್ದು ಸರ್ಕಾರಿ ಫಲಕ ಹೊತ್ತ ವಾಹನಗಳಿಗೆ. ಜನ ಕಾನೂನನ್ನು ಓದಿ ಕಲಿಯುವುದಕ್ಕಿಂತ ದೊಡ್ಡವರನ್ನು ನೋಡಿ ಕಲಿಯುವುದು ಹೆಚ್ಚು. ಊರ ಹೊರಗೇ ಒಂದು ಜಾಗ ಗೊತ್ತುಮಾಡಿ, ಅಲ್ಲಿ ಎಲ್ಲರೂ ವಾಹನ ನಿಲ್ಲಿಸಿ ನಡೆದು ಬರುವಂತಾಗಲಿ. ನಡೆಯಲಾಗದ ಹಿರಿಯರಿಗೆ ಎತ್ತಿನ ಗಾಡಿ ಇದ್ದೇ ಇದೆ, ಗಾಡಿಯವನಿಗೂ ನಾಲ್ಕು ಕಾಸು ಸಿಗುತ್ತದೆ. ಪ್ರವಾಸಿಗರು ಕಡಿಮೆಯಾಗಿ ಊರಿನ ಸಂಪಾದನೆ ಹೋಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕಾರಿನಿಂದ ಇಳಿಯದೆ ಹಾರ್ನ್ ಹೊಡೆದು ಹೋಗುವವನು ಬೆಳ್ಳೂರಿನಲ್ಲಿ ಒಂದು ಎಳನೀರನ್ನೂ ಕುಡಿಯುವುದಿಲ್ಲ. ನಡೆದು ಬರುವವನಿಗೆ ಬಾಯಾರಿಕೆಯಾಗುತ್ತದೆ.

ಹೆಜ್ಜಾರ್ಲೆಗಳು ಚಳಿ ಶುರುವಾಗುತ್ತಿದ್ದಂತೆ ಬರತೊಡಗುತ್ತವೆ. ಆದ್ದರಿಂದ ಆದೇಶ ದೀಪಾವಳಿಗೆ ಮೊದಲೇ ಹೊರಡುವುದು ಒಳ್ಳೆಯದು, ಹಬ್ಬದ ಪಟಾಕಿಗೂ ಅದರಲ್ಲಿ ಒಂದು ಸಾಲು ಇರಲಿ. ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕಳುಹಿಸಿದರೆ ಮನೆಮನೆಗೆ ಓದಿ ಹೇಳಲು ಊರಿನ ಹುಡುಗರು ಸಿಗುತ್ತಾರೆ. ಭಾನುವಾರಗಳಲ್ಲಿ ಊರ ಮುಂದೆ ನಿಂತು ಬಂದವರಿಗೆ ವಿನಯದಿಂದ ತಿಳಿಸಲು ಒಂದಿಷ್ಟು ಜನ ಬೇಕಾಗುತ್ತಾರೆ. ಕಬ್ಬು ಕಡಿಯುವ ದಿನಗಳನ್ನು ಬಿಟ್ಟು ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮದ್ದೂರು ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ