ಲಾಕೀಷಿನ ಗೋಡೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಬ್ರಿಟಿಷ್ ಮ್ಯೂಸಿಯಂನಲ್ಲಿ ಏನೇನು ನೋಡಲಿ ಎಂದು ಕೇಳಿದ್ದೀಯ. ಎಲ್ಲರೂ ಈಜಿಪ್ಟಿನ ಮಮ್ಮಿಗಳ ಮುಂದೆ ಮುಗಿಬೀಳುತ್ತಾರೆ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಮೊದಲು ಅಸ್ಸೀರಿಯಾದ ಕೋಣೆಗಳಿಗೆ ಹೋಗು. ನಮ್ಮ ಕನ್ನಡ ಬೈಬಲ್ಲಿನ ಅಶ್ಶೂರ ಅದೇ. ಅಲ್ಲಿ ಲಾಕೀಷ್ ಪಟ್ಟಣದ ಮುತ್ತಿಗೆಯನ್ನು ಕೆತ್ತಿದ ಕಲ್ಲುಹಲಗೆಗಳ ಸಾಲೊಂದಿದೆ. ಲಾಕೀಷ್ ಯೆಹೂದ ರಾಜ್ಯದಲ್ಲಿ ರಾಜಧಾನಿ ಯೆರೂಸಲೇಮನ್ನು ಬಿಟ್ಟರೆ ದೊಡ್ಡ ಕೋಟೆ, ಕ್ರಿ.ಪೂ. 701ರಲ್ಲಿ ಅಶ್ಶೂರದ ದೊರೆ ಸನ್ಹೇರೀಬ ಅದನ್ನು ಹಿಡಿದ. ಹಿಡಿದದ್ದನ್ನು ರಾಜಧಾನಿ ನಿನೆವೆಯ ತನ್ನ ಅರಮನೆಯ ಗೋಡೆಗೆ ಕೆತ್ತಿಸಿ, ಬಂದುಹೋಗುವ ರಾಯಭಾರಿಗಳ ಕಣ್ಣಿಗೆ ಬೀಳುವಂತೆ ಮಾಡಿದ.

ಅವಸರ ಮಾಡಬೇಡ. ಮಣ್ಣು, ಕಲ್ಲು ಸುರಿದು ಕಟ್ಟಿದ ಇಳಿಜಾರಿನ ಮೇಲೆ ಮುತ್ತಿಗೆಯ ಯಂತ್ರಗಳು ಹತ್ತುತ್ತವೆ. ಮೇಲಿನಿಂದ ಊರಿನವರು ಉರಿಯುವ ಪಂಜು ಎಸೆಯುತ್ತಿದ್ದಾರೆ. ಯಂತ್ರದೊಳಗಿನ ಸೈನಿಕನೊಬ್ಬ ಉದ್ದ ಹಿಡಿಯ ಸೌಟಿನಿಂದ ನೀರು ಸುರಿದು ಬೆಂಕಿ ಆರಿಸುತ್ತಿದ್ದಾನೆ. ಶಿಲ್ಪಿ ಅದನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಶೂಲಕ್ಕೇರಿಸಿದ ಮೂವರು, ಇನ್ನೊಂದೆಡೆ ನೆಲಕ್ಕೆ ಕೆಡವಿ ಚರ್ಮ ಸುಲಿಸಿಕೊಳ್ಳುತ್ತಿರುವವರು. ಆಮೇಲೆ ಊರು ಬಿಟ್ಟು ಹೋಗುವವರ ಸಾಲು: ಎತ್ತಿನ ಗಾಡಿ, ಗಂಟುಮೂಟೆ, ಅದರ ಮೇಲೆ ಹೆಂಗಸರು, ಮಕ್ಕಳು. ಆ ಸಾಲು ಹೋಗಿ ಮುಟ್ಟುವುದು ಸಿಂಹಾಸನದ ಮೇಲೆ ಕುಳಿತ ಸನ್ಹೇರೀಬನ ಮುಂದೆ. ಅವನ ಉಡುಪಿನ ಅಂಚಿನ ಕುಸುರಿಯೂ ಉಳಿದಿದೆ, ಮುಖ ಮಾತ್ರ ಇಲ್ಲ. ಯಾರೋ ಬೇಕೆಂದೇ ಜಜ್ಜಿಹಾಕಿದ್ದಾರೆ. ನಿನೆವೆ ಬಿದ್ದ ದಿನಗಳಲ್ಲಿ ಒಳನುಗ್ಗಿದ ಶತ್ರುಗಳ ಕೆಲಸ ಅದು ಎಂದು ಬಲ್ಲವರ ಊಹೆ. ನನಗೂ ಹಾಗೇ ಅನಿಸುತ್ತದೆ.

ಟೈಗ್ರಿಸ್ ದಡದ ಅಶ್ಶೂರ್ ಎಂಬ ಪಟ್ಟಣದ ಜನ ಮೊದಲಿಗೆ ವ್ಯಾಪಾರಿಗಳು. ಅವರ ರಾಜ್ಯ ಬಹಳ ಕಾಲ ಹಿಗ್ಗುತ್ತ ಕುಗ್ಗುತ್ತ ಇತ್ತು. ಅದನ್ನು ಸಾಮ್ರಾಜ್ಯವನ್ನಾಗಿ ಬಿಗಿದವನು ಕ್ರಿ.ಪೂ. 745ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ತಿಗ್ಲತ್ಪಿಲೆಸೆರ್. ಕಪ್ಪ ಕೊಡುತ್ತ ತಲೆಬಾಗಿದ್ದರೆ ಸಾಮಂತನಾಗಿ ಬದುಕಬಹುದು. ತಿರುಗಿಬಿದ್ದರೆ ರಾಜ್ಯ ಹೋಗಿ ಪ್ರಾಂತ್ಯವಾಗುತ್ತದೆ, ಅಧಿಕಾರಿ ಬಂದು ಕೂರುತ್ತಾನೆ. ಇದರ ಜೊತೆಗೆ ಸೋತ ಜನರನ್ನು ಗುಳೆ ಎಬ್ಬಿಸುವುದು. ಇಲ್ಲಿಯವರನ್ನು ಅಲ್ಲಿಗೆ, ಅಲ್ಲಿಯವರನ್ನು ಇಲ್ಲಿಗೆ. ಮಣ್ಣಿನ ನಂಟು ಕಡಿದರೆ ದಂಗೆ ಏಳುವವರು ಯಾರು ಎಂಬ ಲೆಕ್ಕ. ಕ್ರಿ.ಪೂ. 722ರ ಸುಮಾರಿಗೆ ಯೆಹೂದದ ಉತ್ತರಕ್ಕಿದ್ದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಬಿದ್ದಾಗ ಅಲ್ಲಿಂದ 27,290 ಜನರನ್ನು ಒಯ್ದೆನೆಂದು ಎರಡನೆಯ ಸರ್ಗೋನ್ ಬರೆಸಿಕೊಂಡಿದ್ದಾನೆ. ದನಗಳನ್ನು ಎಣಿಸಿದ ಹಾಗೆ!

ದೊಡ್ಡವರನ್ನು ಮನೆಯೊಳಗೆ ಕರೆದವರು ಚಿಕ್ಕವರೇ ಎಂಬುದನ್ನೂ ಮರೆಯಬಾರದು. ಇಸ್ರಾಯೇಲ್ ಮತ್ತು ದಮಸ್ಕ ಸೇರಿ ತನ್ನ ಮೇಲೆ ಬಂದಾಗ ಯೆಹೂದದ ಅರಸ ಆಹಾಜ, ದೇವಾಲಯದ ಬೆಳ್ಳಿಬಂಗಾರ ಕಳುಹಿಸಿ ತಿಗ್ಲತ್ಪಿಲೆಸೆರನ ನೆರವು ಕೇಳಿದ. ನೆರವೇನೋ ಬಂತು. ಆದರೆ ಬಂದವರು ಹಿಂತಿರುಗಲಿಲ್ಲ.

ಆಹಾಜನ ಮಗ ಹಿಜ್ಕೀಯ ಕಪ್ಪ ನಿಲ್ಲಿಸಿದ್ದಕ್ಕೇ ಸನ್ಹೇರೀಬ ದಂಡೆತ್ತಿ ಬಂದದ್ದು. ಎರಡನೆಯ ಅರಸುಗಳ ಪುಸ್ತಕದ 18ನೆಯ ಅಧ್ಯಾಯವನ್ನು ಒಮ್ಮೆ ಓದು. ಭಕ್ತಿಗಲ್ಲದಿದ್ದರೂ ಸಂಭಾಷಣೆಯ ಸೊಗಸಿಗೆ. ಅಶ್ಶೂರದ ಅಧಿಕಾರಿ ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಮೂದಲಿಸುತ್ತಾನೆ: ಎರಡು ಸಾವಿರ ಕುದುರೆ ಕೊಡುತ್ತೇನೆ, ಹತ್ತಲು ಸವಾರರು ನಿನ್ನ ಬಳಿ ಇದ್ದಾರೆಯೇ? ಹಿಜ್ಕೀಯನ ಕಡೆಯವರು ಬೆದರಿ, ಸಾಮಾನ್ಯ ಜನರಿಗೆ ತಿಳಿಯದ ಅರಾಮಿಕ್ ಭಾಷೆಯಲ್ಲಿ ಮಾತಾಡಿ, ಗೋಡೆಯ ಮೇಲಿರುವ ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಬೇಡಿಕೊಳ್ಳುತ್ತಾರೆ. ಅವನಿಗೆ ಬೇಕಾದದ್ದೂ ಅದೇ. ಜನರ ಭಾಷೆಯಲ್ಲೇ ಇನ್ನಷ್ಟು ಗಟ್ಟಿಯಾಗಿ ಕೂಗುತ್ತಾನೆ. ಕತ್ತಿಗಿಂತ ಮೊದಲು ಹೆದರಿಕೆಯನ್ನು ಕಳುಹಿಸುವುದು ಅವರ ಪದ್ಧತಿ.

ಆದರೂ ಯೆರೂಸಲೇಮ್ ಬೀಳಲಿಲ್ಲ. ದೇವದೂತ ಒಂದೇ ರಾತ್ರಿ ಅಶ್ಶೂರದ ಪಾಳೆಯದ 1,85,000 ಜನರನ್ನು ಹೊಡೆದನೆಂದು ಬೈಬಲ್ ಹೇಳುತ್ತದೆ. ಸನ್ಹೇರೀಬನ ಮಣ್ಣಿನ ಶಾಸನವೂ ಅದೇ ಮ್ಯೂಸಿಯಂನಲ್ಲಿದೆ, ಆರು ಮುಖದ ಪುಟ್ಟ ಕಂಬದಂತೆ. ಅದರಲ್ಲಿ 46 ಕೋಟೆ ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಅವನ ಊರಲ್ಲೇ ಕೂಡಿಹಾಕಿದೆ, ಕಪ್ಪ ವಸೂಲಿ ಮಾಡಿದೆ ಎಂದೆಲ್ಲ ಇದೆ. ಊರನ್ನು ಹಿಡಿದೆ ಎಂಬ ಮಾತು ಮಾತ್ರ ಇಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ಅರಮನೆಯ ಗೋಡೆಗೆ ಲಾಕೀಷನ್ನು ಕೆತ್ತಿಸಿದ. ಕೊನೆಗೆ ಕ್ರಿ.ಪೂ. 681ರಲ್ಲಿ ಹೆತ್ತ ಮಕ್ಕಳ ಕೈಯಲ್ಲೇ ಸತ್ತ.

ಅವನ ಇನ್ನೊಬ್ಬ ಮಗ ಏಸರ್‌ಹದ್ದೋನ್ ಕ್ರಿ.ಪೂ. 671ರಲ್ಲಿ ಈಜಿಪ್ಟನ್ನೂ ಗೆದ್ದ. ಅಲ್ಲಿಂದ ಅರವತ್ತು ವರ್ಷ ತುಂಬುವುದರೊಳಗೆ ನಿನೆವೆ ಬೂದಿಯಾಗಿತ್ತು. ಮೊಮ್ಮಗ ಅಶ್ಶೂರ್‌ಬನಿಪಾಲನ ಕಾಲದಲ್ಲಿ, ಬ್ಯಾಬಿಲೋನಿನ ಪಟ್ಟದಲ್ಲಿದ್ದ ಅವನ ಅಣ್ಣನೇ ತಿರುಗಿಬಿದ್ದ, ಕ್ರಿ.ಪೂ. 652ರಿಂದ 648ರವರೆಗೆ ದಾಯಾದಿ ಕಾಳಗ. ಅಣ್ಣನ ಕಡೆ ನಿಂತಿದ್ದಕ್ಕೆ ಪೂರ್ವದ ಏಲಾಮ್ ರಾಜ್ಯವನ್ನು ಸೂರೆಮಾಡಿ ಹಾಳುಗೆಡವಿದ್ದಾಯಿತು. ಸೇಡು ತೀರಿತು, ಆದರೆ ಪೂರ್ವ ದಿಕ್ಕಿನಲ್ಲಿ ಎದ್ದು ಬರುತ್ತಿದ್ದ, ಇಂದಿನ ಇರಾನಿನ ಕಡೆಯ ಮೇದ್ಯರಿಗೆ ಅಡ್ಡ ನಿಲ್ಲುವವರೂ ಇಲ್ಲವಾದರು. ಅವನು ಸತ್ತ ಮೇಲೆ ಪಟ್ಟಕ್ಕಾಗಿ ಮತ್ತೆ ಜಗಳ. ಕ್ರಿ.ಪೂ. 626ರಲ್ಲಿ ನಬೋಪೊಲಸ್ಸರ್ ಬ್ಯಾಬಿಲೋನಿನಲ್ಲಿ ಅರಸನಾದ. 614ರಲ್ಲಿ ಮೇದ್ಯರು ಅಶ್ಶೂರ್ ಪಟ್ಟಣವನ್ನು ದೋಚಿದರು, 612ರಲ್ಲಿ ಮೇದ್ಯರೂ ಬ್ಯಾಬಿಲೋನಿನವರೂ ಸೇರಿ ನಿನೆವೆಯನ್ನು ಕೆಡವಿದರು. ಅಷ್ಟು ದೊಡ್ಡ ರಾಜ್ಯ ಕುಸಿಯುವಾಗ ನೆರವಿಗೆ ಬಂದದ್ದು ಈಜಿಪ್ಟ್ ಒಂದೇ, ಅದೂ ತನ್ನ ಲಾಭಕ್ಕೆ. ಆ ಸೈನ್ಯವನ್ನು ಮೆಗಿದ್ದೋವಿನಲ್ಲಿ ತಡೆಯಹೋಗಿ ಯೆಹೂದದ ಅರಸ ಯೋಷೀಯ ಪ್ರಾಣ ಕಳೆದುಕೊಂಡ. ಅಶ್ಶೂರ ಹೋಯಿತೆಂದು ಯೆಹೂದಕ್ಕೆ ನೆಮ್ಮದಿಯೂ ಸಿಗಲಿಲ್ಲ. ಮುಂದೆ ಯೆರೂಸಲೇಮನ್ನು ಸುಟ್ಟವರು ಅದೇ ಬ್ಯಾಬಿಲೋನಿನವರು.

ಬೈಬಲ್ಲಿನ ಎರಡು ಪುಟ್ಟ ಪುಸ್ತಕಗಳು ನಿನೆವೆ ಎಂಬ ಒಂದೇ ಊರಿನ ಬಗ್ಗೆ ಇವೆ, ಒಂದಕ್ಕೊಂದು ಮುಖ ತಿರುಗಿಸಿಕೊಂಡು. ಪ್ರವಾದಿ ನಹೂಮನಿಗೆ ನಿನೆವೆಯ ಪತನವೆಂದರೆ ಹಬ್ಬ. ಸುದ್ದಿ ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ ಎಂದೇ ಮುಗಿಸುತ್ತಾನೆ. ಆ ಗಾಡಿಗಳ ಸಾಲನ್ನು ನೋಡಿದವರು ಅವನನ್ನು ತಪ್ಪು ಎನ್ನಲಾರರು. ಯೋನನ ಪುಸ್ತಕದಲ್ಲಿ ಮಾತ್ರ, ಊರು ಉಳಿಯಿತೆಂದು ಮುನಿಸಿಕೊಂಡ ಪ್ರವಾದಿಯನ್ನೇ ದೇವರು ಕೇಳುತ್ತಾನೆ: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಇಷ್ಟೊಂದು ದನಕರು, ಇವರ ಬಗ್ಗೆ ನಾನು ಕನಿಕರಪಡಬಾರದೆ? ನಿನೆವೆಯ ಹಲ್ಜಿ ಬಾಗಿಲನ್ನು ಅಗೆದಾಗ, ಕೊನೆಯ ದಿನ ಅಲ್ಲೇ ಬಿದ್ದವರ ಅಸ್ಥಿಪಂಜರಗಳು ಬಾಣದ ಮೊನೆಗಳ ಜೊತೆಗೆ ಸಿಕ್ಕವು. ಅವರಲ್ಲಿ ಯಾರೂ ಲಾಕೀಷನ್ನು ಮುತ್ತಿದವರಲ್ಲ. ಅದಾಗಿ ತೊಂಬತ್ತು ವರ್ಷ ಕಳೆದಿತ್ತು. ನನಗೆ ನಹೂಮನ ಕಾವ್ಯ ಇಷ್ಟ, ಆದರೆ ಯೋನನ ಪ್ರಶ್ನೆಯನ್ನು ದಾಟಿಹೋಗಲು ಆಗಿಲ್ಲ.

ಬಳ್ಳಾರಿಯಲ್ಲಿ ಬೈಬಲ್ ಕನ್ನಡಕ್ಕೆ ಬಂದದ್ದು 1830ರ ದಶಕದ ಹೊತ್ತಿಗೆ. ನಿನೆವೆಯ ಅರಮನೆಗಳು ಆಗಿನ್ನೂ ಮೋಸುಲ್ ಎದುರಿನ ದಿಬ್ಬದಡಿ ಇದ್ದವು. ಇಂಗ್ಲಿಷ್ ಉತ್ಖನನಕಾರ ಆಸ್ಟೆನ್ ಹೆನ್ರಿ ಲೇಯಾರ್ಡ್ ಸನ್ಹೇರೀಬನ ಅರಮನೆಯನ್ನು ಅಗೆಸಿದ್ದು 1840ರ ದಶಕದ ಕೊನೆಗೆ. ಹಾಗಾಗಿ ಸನ್ಹೇರೀಬನ ಶಾಸನಗಳನ್ನು ಜಗತ್ತು ಓದುವ ಮೊದಲೇ ಅವನ ಹೆಸರು ಕನ್ನಡದಲ್ಲಿ ಅಚ್ಚಾಗಿತ್ತು!

ಹೊತ್ತು ಉಳಿದರೆ ಅಶ್ಶೂರ್‌ಬನಿಪಾಲನ ಗ್ರಂಥಾಲಯದ ಮಣ್ಣಿನ ಹಲಗೆಗಳನ್ನೂ ನೋಡು. ಊರಿಗೆ ಇಟ್ಟ ಬೆಂಕಿಯಲ್ಲಿ ಕಾಗದವಾಗಿದ್ದರೆ ಉರಿದುಹೋಗುತ್ತಿತ್ತು. ಮಣ್ಣಾದ್ದರಿಂದ ಎಷ್ಟೋ ಹಲಗೆಗಳು ಸುಟ್ಟು ಇನ್ನೂ ಗಟ್ಟಿಯಾದವು. ಅವುಗಳಲ್ಲೊಂದರಲ್ಲಿ ಬೈಬಲ್ಲಿನ ನೋಹನ ಕಥೆಯನ್ನು ಹೋಲುವ ಜಲಪ್ರಳಯದ ಕಥೆಯಿದೆ ಎಂದು 1872ರಲ್ಲಿ ಅದೇ ಮ್ಯೂಸಿಯಂನ ಜಾರ್ಜ್ ಸ್ಮಿತ್ ಗುರುತಿಸಿದ. ಅದರ ಚಿತ್ರ ತೆಗೆದು ಕಳುಹಿಸು, ಅಕ್ಷರ ಕಾಣುವಷ್ಟು ಹತ್ತಿರದಿಂದ. ಉಳಿದದ್ದು ಮುಂದಿನ ಪತ್ರದಲ್ಲಿ.

ಇಂತಿ,
ನಿನ್ನ ಅಮ್ಮ